ನುಡಿ ಒಂದು, ಅರ್ಥ ನೂರು: ದೇವರಗುಡ್ಡದ ಕಾರ್ಣಿಕದಿಂದ ಟಿವಿ ಚರ್ಚೆಯವರೆಗೆ



ಇವತ್ತಿನ ವಿಷಯ ಟಿವಿ. ಅದರಲ್ಲೂ ಸುದ್ದಿ ಓದೋರಿಗಿಂತ ಹೆಚ್ಚಾಗಿ, ಸುದ್ದಿಗೆ ಅರ್ಥ ಹೇಳೋರ ಬಗ್ಗೆ. ಸಂಜೆ ಏಳರಿಂದ ಹತ್ತರವರೆಗೆ ಪರದೆ ತುಂಬಾ ಕೂತಿರ್ತಾರಲ್ಲ, ವಿಶ್ಲೇಷಕರು, ವಕ್ತಾರರು, "ಹಿರಿಯ ಪತ್ರಕರ್ತರು", ಮತ್ತೆ ಇವರೆಲ್ಲರಿಗಿಂತ ಜೋರಾಗಿ ಮಾತಾಡೋ ನಿರೂಪಕರು, ಅವರು. ಇವರಲ್ಲಿ ಒಂದು ಪಕ್ಷದ ಪರವಾಗಿ ಮಾತಾಡೋರಿಂದ ಸುದ್ದಿಯ ಮೇಲಿನ ನಮ್ಮ ನಂಬಿಕೆಗೆ ಏನಾಯ್ತು? ಇದಕ್ಕೊಂದು ಇತಿಹಾಸ ಇದೆ. ಆ ಇತಿಹಾಸವನ್ನ ನಾನು ಬೆಂಗಳೂರಿನ ಸ್ಟುಡಿಯೋ ಬಿಟ್ಟು, ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಿಂದ ಶುರು ಮಾಡ್ತೀನಿ. ಯಾಕೆ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ.

ಬಿಲ್ಲು, ಮೌನ, ಒಂದು ಮಾತು

ದೇವರಗುಡ್ಡ ಮಾಲತೇಶನ ಊರು. ಮೈಲಾರಲಿಂಗನ ಒಕ್ಕಲು ಇರೋ ಮನೆಯವರಿಗೆ ಈ ಹೆಸರು ಹೊಸದಲ್ಲ. ದಸರಾ ಹೊತ್ತಿಗೆ, ಆಯುಧಪೂಜೆಯ ದಿನ ಇಲ್ಲಿ ಕಾರ್ಣಿಕ ನಡೆಯುತ್ತೆ. ಉಪವಾಸ ಇದ್ದ ಗೊರವಯ್ಯ ಎತ್ತರದ ಬಿಲ್ಲನ್ನ ಏರ್ತಾನೆ. ಸುತ್ತ ಸಾವಿರಾರು ಜನ, ಡಮರುಗದ ಸದ್ದು, ಏಳು ಕೋಟಿಯ ಘೋಷ. ಮೇಲೆ ನಿಂತು ಗೊರವಯ್ಯ "ಸದ್ದಲೇ" ಅಂತಾನೆ. ಅಷ್ಟೂ ಜನ ಒಂದೇ ಸಲಕ್ಕೆ ಸುಮ್ಮನಾಗ್ತಾರೆ. ಆ ಮೌನದಲ್ಲಿ ಅವನು ಒಂದೇ ಒಂದು ಮಾತು ಹೇಳಿ, "ಪರಾಕ್" ಅಂದು ಮೇಲಿಂದ ಕೆಳಗೆ ಬೀಳ್ತಾನೆ. ಕೆಳಗಿದ್ದವರು ಹಿಡೀತಾರೆ. ಅಷ್ಟೇ. ಕಾರ್ಣಿಕ ಮುಗೀತು.

ಆಮೇಲೆ ಶುರುವಾಗೋದು ಅರ್ಥ. ಮಾತು ಸಾಮಾನ್ಯವಾಗಿ ಒಗಟಿನ ಥರ ಇರುತ್ತೆ. ಮಳೆ, ಸಿಡಿಲು, ರಾಶಿ, ಮುತ್ತು, ಹೀಗೆ ಒಕ್ಕಲುತನದ ಪದಗಳು. ಹೊಲ ಇರೋರು ಅದರಲ್ಲಿ ಮಳೆ-ಬೆಳೆ ಹುಡುಕ್ತಾರೆ. ಅಂಗಡಿ ಇರೋರು ರೇಟು ಹುಡುಕ್ತಾರೆ. ರಾಜಕೀಯದವರು ಕುರ್ಚಿ ಹುಡುಕ್ತಾರೆ. ಗುಡ್ಡ ಇಳಿಯೋಷ್ಟರಲ್ಲಿ ಒಂದು ಮಾತಿಗೆ ಹತ್ತು ಅರ್ಥ.

ಈಗ ಒಂದು ವಿಷಯ ಗಮನಿಸಿ. ದೈವದ ಮೇಲೆ ನಂಬಿಕೆ ಇದೆಯೋ ಇಲ್ಲವೋ, ಅದನ್ನ ಪಕ್ಕಕ್ಕಿಡಿ. ಆ ಮೈದಾನದಲ್ಲಿ ಒಂದು ಶಿಸ್ತು ಇದೆ. ಏನು ಹೇಳಲಾಯ್ತು ಅನ್ನೋದು ಒಂದು, ಅದರ ಅರ್ಥ ಏನು ಅನ್ನೋದು ಇನ್ನೊಂದು. ಮೊದಲನೇದನ್ನ ಎಲ್ಲರೂ ಒಟ್ಟಿಗೆ, ಸುಮ್ಮನಿದ್ದು ಕೇಳ್ತಾರೆ. ಎರಡನೇದರ ಬಗ್ಗೆ ಎಷ್ಟು ಬೇಕಾದ್ರೂ ಜಗಳ ಆಡ್ತಾರೆ. "ಅಂವ ಹಂಗಂದಿಲ್ಲ, ಹಿಂಗಂದ" ಅಂತ ಯಾರಾದ್ರೂ ತಿರುಚಿದ್ರೆ ಪಕ್ಕದವನೇ ತಿದ್ದುತ್ತಾನೆ, ಯಾಕಂದ್ರೆ ಅವನೂ ಅಲ್ಲೇ ನಿಂತು ಕೇಳಿದ್ದಾನೆ. ನುಡಿ ಎಲ್ಲರದು. ಅರ್ಥ ಅವರವರದು.

ಕಾರ್ಣಿಕ ಟಿವಿಗೆ ಬಂದಾಗ ಈ ಗೆರೆ ಮಸುಕಾಗುತ್ತೆ. ವಿಜಯನಗರ ಜಿಲ್ಲೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲೂ ಇದೇ ಪರಂಪರೆಯ ಕಾರ್ಣಿಕ ಇದೆ, ಭರತ ಹುಣ್ಣಿಮೆ ಜಾತ್ರೆಯಲ್ಲಿ. 2023ರ ಫೆಬ್ರವರಿಯಲ್ಲಿ ಅಲ್ಲಿ ಬಂದ ನುಡಿ ಅಂಬಲಿ ಹಳಸೋದು, ಕಂಬಳಿ ಬೀಸೋದರ ಬಗ್ಗೆ ಇತ್ತು. ವಿಧಾನಸಭೆ ಚುನಾವಣೆ ಹತ್ತಿರ ಇತ್ತು. ಕಂಬಳಿ ಅಂದ ತಕ್ಷಣ ಸಿದ್ದರಾಮಯ್ಯ ಅಂದ್ರು. ಮೇ 13ಕ್ಕೆ ಫಲಿತಾಂಶ ಬಂತು, ಮೇ 20ಕ್ಕೆ ಅವರು ಪ್ರಮಾಣವಚನ ತಗೊಂಡ್ರು. "ಕಾರ್ಣಿಕ ನಿಜ ಆಯ್ತು" ಅನ್ನೋ ಸುದ್ದಿ ಮತ್ತೆ ಓಡಿತು. ಕಾಂಗ್ರೆಸ್ ಸೋತಿದ್ರೆ ಅದೇ ಕಂಬಳಿಗೆ ಇನ್ನೊಂದು ಅರ್ಥ ಸಿಗ್ತಿತ್ತು. ಹಳಸಿದ ಅಂಬಲಿ ಯಾರದು ಅಂತ ಯಾವ ಪಕ್ಷ ಬೇಕಾದ್ರೂ ಯಾವ ಪಕ್ಷವನ್ನ ಬೇಕಾದ್ರೂ ತೋರಿಸಬಹುದು.

ಇದು ಬರೀ ಕಾರ್ಣಿಕದ ಕಥೆಯಾಗಿದ್ರೆ ನಾನು ಸಂಚಿಕೆ ಮಾಡ್ತಿರಲಿಲ್ಲ. ಕಳೆದ ಇಪ್ಪತ್ತು ವರ್ಷದಲ್ಲಿ ಬಜೆಟ್ಟು, ಬರ, ಕೋರ್ಟ್ ತೀರ್ಪು, ಸಾವು, ಎಲ್ಲಕ್ಕೂ ನಮ್ಮ ಟಿವಿ ಇದನ್ನೇ ಮಾಡಿದೆ. ಅರ್ಥ ಹೇಳೋರು ಬಂದು ನುಡಿಯ ಜಾಗದಲ್ಲಿ ಕೂತ್ರು. ನಂಬಿಕೆ ಸೋರಿದ್ದು ಆ ಬಿರುಕಲ್ಲಿ ಅನ್ನೋದು ನನ್ನ ವಾದ. ಹೇಗೆ ಅಂತ ನೋಡೋಣ.

ಪಕ್ಷಪಾತ ಹೊಸದಲ್ಲ

ಮೊದಲು ಒಂದು ತಪ್ಪು ಕಲ್ಪನೆ ತೆಗೆದುಬಿಡೋಣ. "ಹಿಂದೆ ಪತ್ರಿಕೆಗಳು ನಿಷ್ಪಕ್ಷಪಾತವಾಗಿದ್ವು, ಈಗ ಕೆಟ್ಟಿವೆ" ಅಂತ ಹಿರಿಯರು ಹೇಳ್ತಾರೆ. ಅಷ್ಟು ಸರಳ ಇಲ್ಲ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ', 1843ರ ಜುಲೈ 1ರಂದು ಶುರುವಾಯ್ತು. ತಂದೋರು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್. ಅವರಿಗೊಂದು ಧರ್ಮ ಇತ್ತು, ಉದ್ದೇಶ ಇತ್ತು, ಯಾರೂ ಅದನ್ನ ಮುಚ್ಚಿಟ್ಟಿರಲಿಲ್ಲ. ಉತ್ತರ ಕರ್ನಾಟಕಕ್ಕೆ ಬಂದ್ರೆ, 1921ರಲ್ಲಿ ಧಾರವಾಡದಲ್ಲಿ ರಂಗನಾಥ ದಿವಾಕರರು 'ಕರ್ಮವೀರ' ಶುರು ಮಾಡಿದ್ರು. 'ಸಂಯುಕ್ತ ಕರ್ನಾಟಕ' ಬೆಳೆದದ್ದೂ ಸ್ವಾತಂತ್ರ್ಯ ಹೋರಾಟದ ಕಾವಿನಲ್ಲೇ. ಬ್ರಿಟಿಷರ ಬಗ್ಗೆ ಇವು "ಎರಡೂ ಕಡೆ ಕೇಳೋಣ" ಅಂತ ಕೂತಿರಲಿಲ್ಲ. ಒಂದು ಪಕ್ಷ ವಹಿಸಿದ್ವು. ಅದನ್ನ ಹೇಳ್ಕೊಂಡೇ ವಹಿಸಿದ್ವು.

ಇನ್ನೂ ಹತ್ತಿರದ ಉದಾಹರಣೆ ಬೇಕಾ? 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ'. ಅದರಷ್ಟು ಅಭಿಪ್ರಾಯ ತುಂಬಿದ ಪತ್ರಿಕೆ ಕನ್ನಡದಲ್ಲಿ ಕಡಿಮೆ. ಗುಂಡೂರಾವ್ ಸರ್ಕಾರವನ್ನ ಬಿಡದೆ ಕಾಡಿತು. ಆಮೇಲೆ ರಾಮಕೃಷ್ಣ ಹೆಗಡೆ ಬಂದ್ರು, ಅವರನ್ನೂ ಬಿಡಲಿಲ್ಲ. ಜಾಹೀರಾತು ತಗೊಳ್ತಿರಲಿಲ್ಲ, ಓದುಗ ಕೊಟ್ಟ ದುಡ್ಡಲ್ಲೇ ನಡೀತಿತ್ತು. ಜನ ಸಿಟ್ಟು ಮಾಡ್ಕೊಂಡು ಓದಿದ್ರು, ಆದ್ರೆ ಓದಿದ್ರು.

ಹಾಗಾದ್ರೆ ಅಭಿಪ್ರಾಯ ಇರೋದೇ ನಂಬಿಕೆಯ ಶತ್ರು ಅಲ್ಲ. ಓದುಗನಿಗೆ ಮೂರು ವಿಷಯ ಗೊತ್ತಿದ್ರೆ ಸಾಕು. ಮಾತಾಡ್ತಿರೋನು ಯಾರು? ಅವನ ದುಡ್ಡು ಎಲ್ಲಿಂದ ಬರುತ್ತೆ? ತನಗೆ ಬೇಕಾದವರು ತಪ್ಪು ಮಾಡಿದಾಗಲೂ ಹೀಗೇ ಬರೀತಾನಾ? ಈ ಮೂರಕ್ಕೆ ಉತ್ತರ ಇದ್ರೆ, ಒಪ್ಪದೆ ಇದ್ರೂ ನಂಬಬಹುದು.

ಒಂದೇ ದನಿಯ ಕಾಲ

ಪತ್ರಿಕೆಯಿಂದ ದನಿಯ ಕಡೆ ಬರೋಣ. 1950ರ ಜನವರಿ 8ಕ್ಕೆ ಧಾರವಾಡ ಆಕಾಶವಾಣಿ ಶುರುವಾಯ್ತು. ಇವತ್ತಿನ ಹಾವೇರಿ ಜಿಲ್ಲೆ ಆಗ ಧಾರವಾಡ ಜಿಲ್ಲೆಯದೇ ಭಾಗ. ಹಾವೇರಿ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ರಾಣೆಬೆನ್ನೂರು, ಬ್ಯಾಡಗಿಯ ಹಳ್ಳಿಗಳಲ್ಲಿ ದಶಕಗಳ ಕಾಲ "ಸುದ್ದಿ" ಅಂದ್ರೆ ರೇಡಿಯೋ. ನಿಧಾನದ ದನಿ, ಏರಿಳಿತ ಇಲ್ಲ, ಅರ್ಥ ಹೇಳೋರು ಇಲ್ಲ. 1980ರ ದಶಕದಲ್ಲಿ ಬೆಂಗಳೂರು ದೂರದರ್ಶನ ಬಂತು. ಅಲ್ಲೂ ಅದೇ ಶೈಲಿ.

ಇದನ್ನ ಚಿನ್ನದ ಕಾಲ ಅಂತ ಕರೆಯೋ ಆಸೆ ಆಗುತ್ತೆ. ತಡೀರಿ. ಆ ದನಿ ಸರ್ಕಾರದ್ದು. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗೆ ತುರ್ತುಪರಿಸ್ಥಿತಿ ಇದ್ದಾಗ ಪತ್ರಿಕೆಗಳಿಗೆ ಸೆನ್ಸಾರ್, ಆಕಾಶವಾಣಿಗೆ ಮಾಲೀಕರೇ ಸರ್ಕಾರ. ಏನು ನಡೀತಿದೆ ಅಂತ ತಿಳಿಯೋಕೆ ಜನ ಬಿಬಿಸಿ ರೇಡಿಯೋ ಹುಡುಕ್ಕೊಂಡು ಹೋದ್ರು. ಅಂದ್ರೆ ಅರ್ಥ ಹೇಳೋರು ಇಲ್ಲದೆ ಹೋದ್ರೂ ನಂಬಿಕೆ ಹುಟ್ಟಲ್ಲ, ನುಡಿಯನ್ನೇ ಬಚ್ಚಿಟ್ಟರೆ. ನೂರು ಜನ ಕೂಗೋದು ಒಂದು ಕಾಯಿಲೆ. ಒಬ್ಬನೇ ಮಾತಾಡೋದು ಅದಕ್ಕಿಂತ ಹಳೆಯ ಕಾಯಿಲೆ.

ಅದಕ್ಕೇ 1990ರ ದಶಕದಲ್ಲಿ ಬಾಗಿಲು ತೆರೆದಾಗ ಎಲ್ಲರಿಗೂ ಖುಷಿ ಆಯ್ತು. 1994ರಲ್ಲಿ ಉದಯ ಟಿವಿ ಬಂತು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಕ್ರಿಕೆಟ್ ಪ್ರಸಾರದ ಒಂದು ಕೇಸಲ್ಲಿ, ಗಾಳಿಯಲ್ಲಿ ಹರಿಯೋ ತರಂಗಗಳು ಸಾರ್ವಜನಿಕ ಆಸ್ತಿ, ಸರ್ಕಾರದ ಏಕಸ್ವಾಮ್ಯ ಅಲ್ಲ ಅಂತ ಹೇಳ್ತು. ತೀರ್ಪಿನಲ್ಲಿ ಇನ್ನೊಂದು ಎಚ್ಚರಿಕೆಯೂ ಇತ್ತು: ಈ ಆಸ್ತಿ ಖಾಸಗಿಯವರ ಏಕಸ್ವಾಮ್ಯವೂ ಆಗಬಾರದು, ಬೇರೆ ಬೇರೆ ದನಿಗಳಿಗೆ ಜಾಗ ಇರಬೇಕು. ಮೊದಲನೇ ಅರ್ಧವನ್ನ ನಾವು ಪೂರ್ತಿ ತಗೊಂಡ್ವಿ. ಎರಡನೇ ಅರ್ಧವನ್ನ ಮರೆತ್ವಿ.

ಚಾನೆಲ್ಲುಗಳ ಮಳೆ

2006ರ ಡಿಸೆಂಬರ್‌ನಲ್ಲಿ ಟಿವಿ9 ಕನ್ನಡ ಬಂತು. ಸುದ್ದಿಯ ವೇಗವೇ ಬದಲಾಯ್ತು. ಒಂದು ಹಳ್ಳಿಯ ಮೋರಿ ಒಡೆದ್ರೂ ಕ್ಯಾಮೆರಾ ಬರುತ್ತೆ ಅನ್ನೋ ಭರವಸೆ ಹುಟ್ಟಿದ್ದು ಆಗಲೇ. ಇದನ್ನ ಹೇಳಲೇಬೇಕು, ಯಾಕಂದ್ರೆ ಟಿವಿ ಬರೀ ಹಾಳು ಮಾಡಿಲ್ಲ. ತಹಶೀಲ್ದಾರ್ ಕಚೇರಿಯಲ್ಲಿ ಲಂಚ ಕೇಳೋನಿಗೆ ಮೈಕ್ ಕಂಡ್ರೆ ಭಯ ಹುಟ್ಟಿದ್ದು ಟಿವಿಯಿಂದ.

ಆಮೇಲಿನ ಐದಾರು ವರ್ಷ ಗಮನಿಸಿ. 2007ರಲ್ಲಿ ಕಸ್ತೂರಿ ಬಂತು, ಎಚ್.ಡಿ. ಕುಮಾರಸ್ವಾಮಿ ಅವರ ಕುಟುಂಬದ್ದು. 2008ರಲ್ಲಿ ಸುವರ್ಣ ನ್ಯೂಸ್. ಅದರ ಹಿಂದಿದ್ದ ರಾಜೀವ್ ಚಂದ್ರಶೇಖರ್ ಆಗ ರಾಜ್ಯಸಭೆಯಲ್ಲಿ ಪಕ್ಷೇತರ ಸದಸ್ಯರು, ಮುಂದೆ ಬಿಜೆಪಿಯ ಕೇಂದ್ರ ಸಚಿವರು. 2010ರಲ್ಲಿ ಬಂದ ಸಮಯ ಟಿವಿ ಕೆಲಕಾಲ ಕಾಂಗ್ರೆಸ್ಸಿನ ಸತೀಶ್ ಜಾರಕಿಹೊಳಿ ಅವರ ಕೈಯಲ್ಲಿತ್ತು. 2011ರ ಜನಶ್ರೀಯ ಹಿಂದೆ ಬಳ್ಳಾರಿಯ ಜನಾರ್ದನ ರೆಡ್ಡಿ ಬಳಗ. 2012ರಲ್ಲಿ ಪತ್ರಕರ್ತ ಎಚ್.ಆರ್. ರಂಗನಾಥ್ ಪಬ್ಲಿಕ್ ಟಿವಿ ಶುರು ಮಾಡಿದ್ರು. 2017ರಲ್ಲಿ ದಿಗ್ವಿಜಯ, ಬಿಜೆಪಿಯಿಂದ ಸಂಸದರಾಗಿದ್ದ ವಿಜಯ ಸಂಕೇಶ್ವರರ ಸಮೂಹದಿಂದ.

ಪಟ್ಟಿಯಲ್ಲಿ ಮೂರೂ ಪಕ್ಷದ ನೆರಳು ಇದೆ, ನೋಡಿ. ಯಾವುದೋ ಒಂದು ಪಕ್ಷ ಟಿವಿಯನ್ನ ಹಾಳು ಮಾಡ್ತು ಅನ್ನೋ ಕಥೆ ಇಲ್ಲಿ ನಿಲ್ಲಲ್ಲ. ರಾಜಕಾರಣಿ ಮಾಲೀಕನಾದ ಮಾತ್ರಕ್ಕೆ ಅಲ್ಲಿನ ಪ್ರತಿ ವರದಿ ಸುಳ್ಳು ಅಂತಲೂ ನಾನು ಹೇಳ್ತಿಲ್ಲ. ಅಲ್ಲೆಲ್ಲ ಒಳ್ಳೆ ವರದಿಗಾರರು ಕೆಲಸ ಮಾಡಿದ್ದಾರೆ. ಆದ್ರೆ ಲಂಕೇಶರ ಓದುಗನಿಗೆ ಸಿಕ್ಕಿದ್ದ ಮೂರು ಉತ್ತರ ಈ ನೋಡುಗನಿಗೆ ಪರದೆಯ ಮೇಲೆ ಸಿಗಲಿಲ್ಲ. ಎಲ್ಲ ಚಾನೆಲ್ಲೂ ತನ್ನನ್ನ "ಜನರ ದನಿ" ಅಂತಲೇ ಕರ್ಕೊಂಡ್ತು. ಮಾಲೀಕ ಯಾರು ಅಂತ ಕಟ್ಟೆ ಮೇಲೆ ಕೂತೋರಿಗೆ ಗೊತ್ತಿತ್ತು, ಪರದೆಯಲ್ಲಿ ಬರೀತಿರಲಿಲ್ಲ.

ನಾಲ್ಕು ಕುರ್ಚಿಯ ಲೆಕ್ಕ

ನಾನು ಓದಿದ್ದು ಬಿ.ಕಾಂ. ಆದ್ದರಿಂದ ನನಗೆ ಮೊದಲು ಕಾಣೋದು ಖರ್ಚು.

ಬ್ಯಾಡಗಿಯಿಂದ ಒಂದು ವರದಿ ತರಬೇಕು ಅಂದ್ರೆ ವರದಿಗಾರ ಬೇಕು, ಕ್ಯಾಮೆರಾ ಬೇಕು, ಗಾಡಿ ಬೇಕು, ಎರಡು ದಿನ ಬೇಕು. ಕೊನೆಗೆ ಸಿಗೋದು ಮೂರು ನಿಮಿಷ. ಅದೇ ಸ್ಟುಡಿಯೋದಲ್ಲಿ ನಾಲ್ಕು ಕುರ್ಚಿ ಹಾಕಿದ್ರೆ ಒಂದು ಗಂಟೆ ತುಂಬುತ್ತೆ. ಕೂರೋ ವಕ್ತಾರರಿಗೆ ಸಂಬಳ ಅವರ ಪಕ್ಷದ್ದು. 24 ಗಂಟೆ ಖಾಲಿ ಬಿಡೋ ಹಾಗಿಲ್ಲ. ಕೇಬಲ್‌ನಲ್ಲಿ ಒಳ್ಳೆ ಜಾಗ ಸಿಗಬೇಕು ಅಂದ್ರೆ ಚಾನೆಲ್ಲೇ ಎದುರು ದುಡ್ಡು ಕೊಡಬೇಕು, ಕ್ಯಾರೇಜ್ ಫೀ ಅಂತ. ಆದಾಯ ಜಾಹೀರಾತಿನಿಂದ, ಜಾಹೀರಾತು ಟಿಆರ್‌ಪಿಯಿಂದ, ಮತ್ತೆ ದೊಡ್ಡ ಜಾಹೀರಾತುದಾರರಲ್ಲಿ ಸರ್ಕಾರವೂ ಒಂದು. ಈ ಲೆಕ್ಕದಲ್ಲಿ ವರದಿ ಸೋಲುತ್ತೆ, ಕುರ್ಚಿ ಗೆಲ್ಲುತ್ತೆ. ಯಾರೂ ಪಿತೂರಿ ಮಾಡಬೇಕಾಗಿಲ್ಲ.

ಟಿಆರ್‌ಪಿ ಲೆಕ್ಕವೇ ಅನುಮಾನಕ್ಕೆ ಬಂದಿದ್ದೂ ಇದೆ. 2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ರೇಟಿಂಗ್ ತಿರುಚಿದ ಆರೋಪ ಮಾಡಿದ್ರು. ರೇಟಿಂಗ್ ಸಂಸ್ಥೆ ಬಾರ್ಕ್ ಸುದ್ದಿ ಚಾನೆಲ್ಲುಗಳ ಅಂಕಿ ಕೊಡೋದನ್ನೇ ನಿಲ್ಲಿಸ್ತು. ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ. ಸುಮಾರು ಒಂದೂವರೆ ವರ್ಷ ಅಂಕಿ ಇರಲಿಲ್ಲ. ಕೂಗಾಟ ಮಾತ್ರ ನಿಲ್ಲಲಿಲ್ಲ.

ಈ ಕುರ್ಚಿಗಳಿಗೆ ಇನ್ನೊಂದು ಸೌಲಭ್ಯ ಇದೆ. ತಪ್ಪಾದ್ರೆ ದಂಡ ಇಲ್ಲ. 2023ರ ಚುನಾವಣೆಗೆ ಮುಂಚೆ ಅತಂತ್ರ ಅಂದವರಿದ್ರು, ಬಿಜೆಪಿ ಮುಂದೆ ಅಂದವರಿದ್ರು, ಕಾಂಗ್ರೆಸ್ಸಿಗೆ ಬಹುಮತ ಅಂದವರೂ ಇದ್ರು. ಬಂದಿದ್ದು ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಮರುವರ್ಷ ಲೋಕಸಭೆಯಲ್ಲಿ ಹೆಚ್ಚಿನ ಸಮೀಕ್ಷೆಗಳು ಎನ್‌ಡಿಎಗೆ 350ರ ಆಚೆ ಈಚೆ ಕೊಟ್ಟಿದ್ವು. ಬಂದಿದ್ದು 293. ಎರಡೂ ಸಲ ಮರುದಿನ ಬೆಳಗ್ಗೆ ಅದೇ ಕುರ್ಚಿಗಳಲ್ಲಿ ಅದೇ ಮುಖಗಳು ಕೂತು "ಹೀಗೇ ಆಗುತ್ತೆ ಅಂತ ಗೊತ್ತಿತ್ತು" ಅಂದ್ವು. ಬ್ಯಾಡಗಿ ಮಾರ್ಕೆಟ್ಟಲ್ಲಿ ಇವತ್ತಿನ ದರ ಬೇರೆ, ನಾಳೆಯ ಅಂದಾಜು ಬೇರೆ. ಅಂದಾಜನ್ನ ದರ ಅಂತ ಬೋರ್ಡಲ್ಲಿ ಬರೆದು ತಪ್ಪಿದೋನ ಮಾತನ್ನ ಮುಂದಿನ ವಾರ ಯಾರೂ ಕೇಳಲ್ಲ. ಟಿವಿಯಲ್ಲಿ ಕೇಳ್ತೀವಿ.

ನಂಬಿಕೆ ಹೇಗೆ ಸೋರುತ್ತೆ

ಈಗ ಮುಖ್ಯ ಪ್ರಶ್ನೆ. ಒಂದು ಪಕ್ಷದ ಪರ ಮಾತಾಡೋ ವಿಶ್ಲೇಷಕ ತನ್ನ ನೋಡುಗರ ನಂಬಿಕೆ ಗಳಿಸ್ತಾನಲ್ಲ? ಹಾಗಾದ್ರೆ ಒಟ್ಟು ನಂಬಿಕೆ ಯಾಕೆ ಕಮ್ಮಿ ಆಗುತ್ತೆ?

ಸಣ್ಣ ಲೆಕ್ಕ. ನಾಲ್ಕು ಚಾನೆಲ್ ಇವೆ ಅಂದ್ಕೊಳ್ಳಿ. ಪ್ರತಿಯೊಂದೂ ರಾತ್ರಿ ಎರಡು ಮಾತು ಹೇಳುತ್ತೆ: "ನಾವು ನಿಜ ಹೇಳ್ತೀವಿ", "ಉಳಿದವರು ಮಾರಿಕೊಂಡಿದ್ದಾರೆ". ಈಗ ಕೂಡಿಸಿ. ಪ್ರತಿ ಚಾನೆಲ್ಲಿಗೆ ತನ್ನದೇ ಒಂದು ಸರ್ಟಿಫಿಕೇಟು, ಬೇರೆಯವರಿಂದ ಮೂರು ದೂರು. ಒಟ್ಟು ನಾಲ್ಕು ಸರ್ಟಿಫಿಕೇಟು, ಹನ್ನೆರಡು ದೂರು. ರಿಮೋಟ್ ಒತ್ತಿ ಎಲ್ಲವನ್ನೂ ನೋಡೋನ ಕಿವಿಗೆ ಬೀಳೋದು ಈ ಹನ್ನೆರಡು. ಅವನು ಬರೋ ತೀರ್ಮಾನ: "ಎಲ್ಲರೂ ಅಷ್ಟೇ ಬಿಡ್ರೀ."

ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಅಂತ ಒಂದು ಆಸ್ತಿ ಇದೆ. ಕಣ್ಣಿಗೆ ಕಾಣಲ್ಲ, ಆದ್ರೆ ಬೆಲೆ ಇದೆ. ಸುದ್ದಿಗೂ ಅಂಥದ್ದೊಂದು ಇದೆ, ಅದು ಯಾವ ಒಂದು ಚಾನೆಲ್ಲಿನದೂ ಅಲ್ಲ, "ಸುದ್ದಿ" ಅನ್ನೋ ಪದದ್ದು. ಊರ ಕೆರೆ ಇದ್ದ ಹಾಗೆ. ಒಬ್ಬೊಬ್ಬರೂ ತಮ್ಮ ಹೊಲಕ್ಕೆ ತೂಬು ತೆಗೆದ್ರೆ ಅವತ್ತಿಗೆ ಅವರ ಬೆಳೆ ಹಸಿರು, ಬೇಸಿಗೆಗೆ ಕೆರೆ ಖಾಲಿ.

ಅಮೆರಿಕ ಈ ದಾರಿಯಲ್ಲಿ ನಮಗಿಂತ ಮುಂಚೆ ನಡೆದಿದೆ. ಅಲ್ಲಿ 1949ರಿಂದ ಒಂದು ನಿಯಮ ಇತ್ತು: ವಿವಾದದ ವಿಷಯ ಪ್ರಸಾರ ಮಾಡಿದ್ರೆ ಎದುರು ವಾದಕ್ಕೂ ಜಾಗ ಕೊಡಬೇಕು. 1987ರಲ್ಲಿ ಅದನ್ನ ಕೈಬಿಟ್ರು. ಆಮೇಲೆ ಒಂದೇ ಪಕ್ಷದ ಮಾತಿನ ರೇಡಿಯೋ ಬೆಳೀತು, 1996ರಲ್ಲಿ ಫಾಕ್ಸ್ ನ್ಯೂಸ್, ಎಂಎಸ್‌ಎನ್‌ಬಿಸಿ ಎರಡೂ ಬಂದ್ವು. ಗ್ಯಾಲಪ್ ಸಂಸ್ಥೆಯ ಸಮೀಕ್ಷೆಯಲ್ಲಿ ಮಾಧ್ಯಮವನ್ನ ನಂಬ್ತೀವಿ ಅಂದವರು 1976ರಲ್ಲಿ ಶೇ 72. 2024ರಲ್ಲಿ ಶೇ 31. ಇಷ್ಟೂ ಇಳಿಕೆಗೆ ವಿಶ್ಲೇಷಕರೇ ಕಾರಣ ಅನ್ನೋಕೆ ಆಗಲ್ಲ, ಇಂಟರ್ನೆಟ್ ಬಂತು, ರಾಜಕೀಯವೇ ಒಡೀತು. ಆದ್ರೆ "ಬೇರೆಯವರನ್ನ ನಂಬಬೇಡಿ" ಅಂತ ರಾತ್ರಿ ರಾತ್ರಿ ಹೇಳಿಕೊಟ್ಟ ಪಾಠ ಅದರಲ್ಲಿ ಸೇರಿದೆ.

ನಮ್ಮ ದೇಶದ್ದು? ರಾಯ್ಟರ್ಸ್ ಇನ್‌ಸ್ಟಿಟ್ಯೂಟಿನ 2021ರ ವರದಿಯಲ್ಲಿ ಭಾರತ ಮೊದಲ ಸಲ ಸೇರಿತು. ಸುದ್ದಿಯನ್ನ ಒಟ್ಟಾರೆ ನಂಬ್ತೀವಿ ಅಂದವರು ಶೇ 38. ಇದು ಇಂಗ್ಲಿಷ್ ಬಲ್ಲ, ಆನ್‌ಲೈನ್‌ನಲ್ಲಿ ಸುದ್ದಿ ಓದೋರನ್ನ ಕೇಳಿ ಮಾಡಿದ ಸಮೀಕ್ಷೆ. ದೇವರಗುಡ್ಡದ ಕಟ್ಟೆಯವರನ್ನ ಯಾರೂ ಕೇಳಿಲ್ಲ. ಆದ್ರೂ ಒಂದು ವಿವರ ಮುಖ್ಯ. ಮುದ್ರಿತ ಪತ್ರಿಕೆಗಳಿಗೆ, ದೂರದರ್ಶನ-ಆಕಾಶವಾಣಿಗೆ ನಂಬಿಕೆ ಹೆಚ್ಚು ಇತ್ತು. ಕೂಗೋ ಟಿವಿಗೆ ಕಡಿಮೆ.

ಇಷ್ಟು ಹೇಳಿ ನೋಡುಗರಾದ ನಮ್ಮನ್ನ ಬಿಟ್ಟುಬಿಡೋ ಹಾಗಿಲ್ಲ. 1985ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದ್ರು. 1982ರ ಬೈರೂತ್ ಹತ್ಯಾಕಾಂಡದ ಟಿವಿ ವರದಿಗಳನ್ನ ಇಸ್ರೇಲ್ ಪರ ಇದ್ದ ವಿದ್ಯಾರ್ಥಿಗಳಿಗೂ ಅರಬ್ಬರ ಪರ ಇದ್ದ ವಿದ್ಯಾರ್ಥಿಗಳಿಗೂ ತೋರಿಸಿದ್ರು. ಅದೇ ವರದಿ, ಒಂದಕ್ಷರ ವ್ಯತ್ಯಾಸ ಇಲ್ಲ. ಎರಡೂ ಗುಂಪಿನವರು "ಇದು ನಮ್ಮ ವಿರುದ್ಧ ಇದೆ" ಅಂದ್ರು. ಅಂದ್ರೆ ಅನುಮಾನದ ಬೀಜ ನಮ್ಮೊಳಗೂ ಇದೆ. ವಿಶ್ಲೇಷಕ ಅದಕ್ಕೆ ದಿನಾ ನೀರು ಹಾಕ್ತಾನೆ. ನಮಗೆ ಇಷ್ಟ ಆಗೋದನ್ನೇ ಹೇಳ್ತಾನೆ, ಅದನ್ನ ನಾವು "ನಿಷ್ಪಕ್ಷಪಾತ" ಅಂತ ಕರೀತೀವಿ.

ಊಹೆಗೆ ಬಿದ್ದ ದಂಡ

ಇದರಿಂದ ಯಾರಿಗೇನು ಕಷ್ಟ ಅಂತ ಕೇಳಬಹುದು. 2020ರ ಮಾರ್ಚ್, ಏಪ್ರಿಲ್ ನೆನಪು ಮಾಡ್ಕೊಳ್ಳಿ. ಲಾಕ್‌ಡೌನ್. ಎಲ್ಲರೂ ಮನೆಯಲ್ಲಿ, ಎಲ್ಲರ ಮನೆಯಲ್ಲಿ ಟಿವಿ. ದೆಹಲಿಯ ತಬ್ಲೀಗಿ ಸಮಾವೇಶದಲ್ಲಿ ಸೋಂಕು ಹರಡಿದ್ದು ಸುದ್ದಿ. ಅದು ನುಡಿ. ಅದರ ಮೇಲೆ ಹಲವು ಸ್ಟುಡಿಯೋಗಳು ಕಟ್ಟಿದ ಅರ್ಥ ಬೇರೆ: ಒಂದು ಸಮುದಾಯವೇ ಬೇಕಂತ ರೋಗ ಹಂಚ್ತಿದೆ ಅನ್ನೋದು. ತಳ್ಳುಗಾಡಿಯಲ್ಲಿ ಹಣ್ಣು-ತರಕಾರಿ ಮಾರೋ ಮುಸ್ಲಿಮರನ್ನ ಹೆಸರು ಕೇಳಿ ಓಣಿಯಿಂದ ಓಡಿಸಿದ ಸುದ್ದಿಗಳು ದೇಶದ ಬೇರೆ ಬೇರೆ ಕಡೆಯಿಂದ ಬಂದ್ವು.

ಬೆಂಗಳೂರಿನ ಕೆಲವರು ದ್ವೇಷ ಭಾಷಣದ ವಿರುದ್ಧದ ತಮ್ಮ ಅಭಿಯಾನದ ಕಡೆಯಿಂದ, ಸುದ್ದಿ ಪ್ರಸಾರಕರ ಸ್ವಯಂ ನಿಯಂತ್ರಣ ಪ್ರಾಧಿಕಾರ ಎನ್‌ಬಿಎಸ್‌ಎಗೆ ದೂರು ಕೊಟ್ರು. 2021ರ ಜೂನ್‌ನಲ್ಲಿ ಆದೇಶ ಬಂತು. ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ ದಂಡ, ಪ್ರಸಾರದಲ್ಲೇ ಕ್ಷಮೆ ಕೇಳಬೇಕು. ಸುವರ್ಣ ನ್ಯೂಸ್‌ಗೆ 50,000 ರೂಪಾಯಿ. ಟೈಮ್ಸ್ ನೌಗೆ ಛೀಮಾರಿ. ಆದೇಶದ ಸಾರ ಏನು ಗೊತ್ತಾ? ಕಾರ್ಯಕ್ರಮ ಬರೀ ಊಹೆಯ ಮೇಲೆ ನಿಂತಿತ್ತು, ಭಾಷೆ ಪೂರ್ವಗ್ರಹದಿಂದ ಕೂಡಿತ್ತು ಅಂತ. ನನ್ನ ಮಾತಲ್ಲಿ ಹೇಳೋದಾದ್ರೆ, ಅರ್ಥವನ್ನ ನುಡಿ ಅಂತ ಮಾರಿದ್ರು.

ಆದೇಶ ಬರೋಕೆ ಒಂದು ವರ್ಷಕ್ಕಿಂತ ಹೆಚ್ಚು ಹಿಡೀತು. ಕಾರ್ಯಕ್ರಮ ನೋಡಿದವರಲ್ಲಿ ಎಷ್ಟು ಜನ ಕ್ಷಮೆಯನ್ನೂ ನೋಡಿದ್ರೋ. ಓಣಿಯಿಂದ ಓಡಿಸಿಕೊಂಡವನ ತಳ್ಳುಗಾಡಿಗೆ ಆ 1 ಲಕ್ಷದಲ್ಲಿ ಒಂದು ರೂಪಾಯಿಯೂ ಬರಲಿಲ್ಲ.

ಮತ್ತೆ ನಮ್ಮ ತಾಲ್ಲೂಕಿಗೆ

2022ರ ಮಾರ್ಚ್ 1. ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಉಕ್ರೇನಿನ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ. ಇಡೀ ದೇಶದ ಕ್ಯಾಮೆರಾ ಚಳಗೇರಿಗೆ ಬಂತು. ಆ ಮನೆಯವರು ದುಃಖದ ಮಧ್ಯೆಯೂ ಒಂದು ಪ್ರಶ್ನೆ ಎತ್ತಿದ್ರು: ಚೆನ್ನಾಗಿ ಅಂಕ ತೆಗೆದ ಹುಡುಗ ಡಾಕ್ಟರ್ ಓದೋಕೆ ಯಾಕೆ ಅಷ್ಟು ದೂರ ಹೋಗಬೇಕಾಯ್ತು? ಇಲ್ಲಿ ಸೀಟು ಎಷ್ಟು, ಫೀಸು ಎಷ್ಟು? ಇದು ವರದಿಗೆ ಸಿಕ್ಕ ನುಡಿ. ಹಾವೇರಿಯ ಪಿಯು ಕಾಲೇಜಲ್ಲಿ ಓದ್ತಿರೋ ಪ್ರತಿಯೊಬ್ಬರ ಪ್ರಶ್ನೆ. ಚರ್ಚೆಯ ಕುರ್ಚಿಗಳಿಗೆ ಹೋದ ಮೇಲೆ ಅದು ಬೇಗ ಎರಡು ಪಾಳಿಯಾಯ್ತು: ಸರ್ಕಾರ ತಡ ಮಾಡ್ತು ಅನ್ನೋರು, ಸರ್ಕಾರ ಎಲ್ಲ ಮಾಡ್ತು ಅನ್ನೋರು. ಪಾರ್ಥಿವ ಶರೀರ ಊರಿಗೆ ಬಂದಿದ್ದು ಮಾರ್ಚ್ 21ಕ್ಕೆ. ಫೀಸಿನ ಪ್ರಶ್ನೆ ಇವತ್ತಿಗೂ ಅಲ್ಲೇ ನಿಂತಿದೆ.

2024ರ ಮಾರ್ಚ್ 11. ಬ್ಯಾಡಗಿ ಎಪಿಎಂಸಿ. ಒಣ ಮೆಣಸಿನಕಾಯಿಗೆ ದೇಶದಲ್ಲೇ ಹೆಸರಾದ ಮಾರುಕಟ್ಟೆ. ಬೆಲೆ ದಿಢೀರ್ ಕುಸೀತು ಅಂತ ಸಿಟ್ಟಿಗೆದ್ದ ರೈತರು ಕಚೇರಿಗೆ ನುಗ್ಗಿದ್ರು, ವಾಹನಗಳಿಗೆ ಬೆಂಕಿ ಬಿತ್ತು. ದೃಶ್ಯ ಎಲ್ಲ ಚಾನೆಲ್ಲಲ್ಲೂ ಓಡಿತು. ಈಗ ರೈತನಿಗೆ ಬೇಕಾದ ಸುದ್ದಿ ಯಾವುದು ಅಂತ ಯೋಚಿಸಿ. ಈ ವಾರ ಎಷ್ಟು ಚೀಲ ಆವಕ ಆಯ್ತು? ಬೇರೆ ಜಿಲ್ಲೆ, ಪಕ್ಕದ ಆಂಧ್ರದಿಂದ ಎಷ್ಟು ಬಂತು? ಕೋಲ್ಡ್ ಸ್ಟೋರೇಜಲ್ಲಿ ಹೋದ ವರ್ಷದ್ದು ಎಷ್ಟು ಉಳಿದಿದೆ? ಟೆಂಡರ್ ದರ ಹೇಗೆ ನಿಗದಿ ಆಗುತ್ತೆ? ಇದನ್ನ ತಿಳಿದವನು ಈ ವಾರ ಮಾರಬೇಕಾ, ತಡೀಬೇಕಾ ಅಂತ ತೀರ್ಮಾನ ಮಾಡಬಲ್ಲ. "ಇದು ಯಾರ ಸರ್ಕಾರದ ವೈಫಲ್ಯ" ಅನ್ನೋ ಒಂದು ಗಂಟೆಯ ಜಗಳದಿಂದ ಅವನ ಒಂದು ಚೀಲವೂ ಮಾರಾಟ ಆಗಲ್ಲ.

ನಂಬಿಕೆ ಹೋದಾಗ ಆಗೋ ದೊಡ್ಡ ನಷ್ಟ ಇದು. ನಾಳೆ ಒಬ್ಬ ವರದಿಗಾರ ನಿಜವಾಗಿ ಆವಕದ ಲೆಕ್ಕ ತಂದು, "ದರ ಇನ್ನೂ ಬೀಳುತ್ತೆ, ಕಾರಣ ಇದು" ಅಂತ ಹೇಳಿದ್ರೂ ರೈತ ಕೇಳೋದು ಒಂದೇ: "ನೀ ಯಾವ ಪಾರ್ಟಿ ಚಾನೆಲ್ಲಾವ?" ವಿಶ್ಲೇಷಕ ಮಾಡಿದ ಸಾಲವನ್ನ ವರದಿಗಾರ ತೀರಿಸ್ತಾನೆ. ಸರಿಯಾದ ಸುದ್ದಿ ಸಿಕ್ಕೂ ನಂಬದೆ ಹೋದದ್ದಕ್ಕೆ ಬಡ್ಡಿ ಕಟ್ಟೋನು ರೈತ.

ಹಾಗಾದ್ರೆ ನಾವೇನು ಮಾಡೋಣ?

ಟಿವಿ ಆಫ್ ಮಾಡಿ ಅಂತ ನಾನು ಹೇಳಲ್ಲ. ಆಫ್ ಮಾಡಿದವರು ವಾಟ್ಸಾಪ್‌ಗೆ ಹೋಗ್ತಾರೆ, ಅಲ್ಲಿ ಮಾಲೀಕನ ಹೆಸರೂ ಇರಲ್ಲ. ಯೂಟ್ಯೂಬ್ ಚಾನೆಲ್ಲು, ನನ್ನಂಥವರ ಪಾಡ್‌ಕಾಸ್ಟೂ ಈ ಲೆಕ್ಕದಿಂದ ಹೊರಗಿಲ್ಲ. ಮೈಕ್ ಮುಂದೆ ಒಬ್ಬನೇ ಕೂತು ಅರ್ಥ ಹೇಳೋದು ನಾಲ್ಕು ಕುರ್ಚಿಗಿಂತಲೂ ಅಗ್ಗ. ಇವತ್ತು ನಾನು ಹೇಳಿದ್ರಲ್ಲೂ ವರ್ಷ, ಅಂಕಿ, ಆದೇಶ ಇವು ನುಡಿ. ಅವನ್ನ ನೀವು ಪರೀಕ್ಷೆ ಮಾಡಬಹುದು, ಮಾಡಿ. ಕೆರೆ, ತೂಬು, ಸಾಲ, ಬಡ್ಡಿ ಇವು ನನ್ನ ಅರ್ಥ. ಒಪ್ಪಬೇಕಾಗಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮಲ್ಲಿ ಗಾದೆ ಇದೆ. ಇವತ್ತು ರಾತ್ರಿ ಯಾವುದಾದ್ರೂ ಚರ್ಚೆ ಹಾಕಿ, ಹತ್ತು ನಿಮಿಷ ನೋಡಿ. ನಿಮಗೆ ಇಷ್ಟ ಇರೋ ಚಾನೆಲ್ಲೇ ಆಗಲಿ, ಅದೇ ಒಳ್ಳೇದು. ಒಂದು ಚೀಟಿಯಲ್ಲಿ ಎರಡು ಕಾಲಂ ಮಾಡಿ. ಒಂದು ಕಡೆ, ಯಾರೋ ಹೋಗಿ ನೋಡಿ, ಕೇಳಿ, ದಾಖಲೆ ತೆಗೆದು ತಂದ ವಿಷಯ. ಇನ್ನೊಂದು ಕಡೆ, ಕುರ್ಚಿಯಲ್ಲಿ ಕೂತು ಕಟ್ಟಿದ ಅರ್ಥ. ಹತ್ತು ನಿಮಿಷ ಆದ ಮೇಲೆ ಎರಡೂ ಕಾಲಂ ಎಣಿಸಿ. ಮೊದಲ ಕಾಲಂ ಖಾಲಿ ಇದ್ರೆ, ನೀವು ಹತ್ತು ನಿಮಿಷ ನೋಡಿದ್ದು ಸುದ್ದಿ ಅಲ್ಲ.

ಎಷ್ಟು ಬಂತು ಅಂತ ನನಗೆ ಬರೆದು ಕಳಿಸಿ. ಚಾನೆಲ್ಲಿನ ಹೆಸರು ಬೇಡ, ಎರಡು ಅಂಕಿ ಸಾಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ.